ಪಾತ್ರೆ ಅಲುಗದ ಹಾದಿ

ಅಮೆರಿಕಕ್ಕೆ ಹೋಗಿ ಬಂದವನನ್ನು ಎಲ್ಲರೂ ಮೊದಲು ಕೇಳುವುದು ನಯಾಗರದ ಬಗ್ಗೆ. ನೋಡಿದೆ, ನೀರು ಬೇಕಾದಷ್ಟಿದೆ, ಆದರೆ ನಮ್ಮ ಜೋಗದ ಎತ್ತರವಿಲ್ಲ ಎಂದು ಹೇಳಿ ಮುಗಿಸುತ್ತೇನೆ. ಮನಸ್ಸು ಬಿಡದೆ ಕೊರೆಯುತ್ತಿರುವುದು ಬೇರೆಯೇ ಒಂದು ಪಯಣ. ಅದು ಅಕ್ಕ, ಭಾವ, ನಾನು ಒಂದು ಮುದಿ ಮೋಟರ್‌ಹೋಮಿನಲ್ಲಿ ಮಿಷಿಗನ್ ರಾಜ್ಯದ ಬಡಗಣ ತುದಿಯವರೆಗೆ ಹೋದದ್ದು. ಅದರ ಅರ್ಧ ಕಥೆ ನಡೆದದ್ದು ಗಾಡಿಯ ಅಡಿಯಲ್ಲಿ.

ಭಾವ ಡೆಟ್ರಾಯಿಟ್ ಸುತ್ತಮುತ್ತಲ ಕಾರು ಕಾರ್ಖಾನೆಗಳಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ನಿವೃತ್ತಿಯಾದ ವರ್ಷವೇ ಅವರು ಕೊಂಡದ್ದು 1976ರ ಒಂದು ಜಿಎಂಸಿ ಮೋಟರ್‌ಹೋಮ್. ನಾನು ಹೈಸ್ಕೂಲಿನಲ್ಲಿದ್ದಾಗ ತಯಾರಾದ ಗಾಡಿ. ಆ ದೇಶದ ಮಿಕ್ಕ ಮೋಟರ್‌ಹೋಮುಗಳಲ್ಲಿ ಬಹುಪಾಲು ಲಾರಿಯ ಚಾಸಿಯ ಮೇಲೆ ಒಂದು ಪೆಟ್ಟಿಗೆ ಕೂರಿಸಿದಂತಿರುತ್ತವೆ. ಇದು ಹಾಗಲ್ಲ. ಜನರಲ್ ಮೋಟರ್ಸ್ ಕಂಪನಿ ತನ್ನ ಪಾಂಟಿಯಾಕ್ ಕಾರ್ಖಾನೆಯಲ್ಲಿ ಚಾಸಿಯಿಂದ ಹಿಡಿದು ಇಡಿಯಾಗಿ ತಾನೇ ರೂಪಿಸಿದ್ದು. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಏಳೂವರೆ ಲೀಟರಿನ ಎಂಜಿನ್ ಮುಂದಿನ ಚಕ್ರಗಳನ್ನೇ ಎಳೆಯುತ್ತದೆ. ಹಾಗಾಗಿ ಹಿಂದಕ್ಕೆ ಶಾಫ್ಟ್ ಇಲ್ಲ, ಹಿಂದೆ ಅಡ್ಡ ಆಕ್ಸಲ್ ಕೂಡ ಇಲ್ಲ. ನೆಲ ಎಷ್ಟು ತಗ್ಗೆಂದರೆ ಒಂದು ಮೆಟ್ಟಿಲು ಹತ್ತಿದರೆ ಒಳಗೆ. ಮಂಡಿನೋವಿನ ಅಕ್ಕ ಈ ಗಾಡಿಗೆ ಹೂಂ ಎಂದದ್ದು ಅದೊಂದೇ ಕಾರಣಕ್ಕೆ. 1973ರಿಂದ 1978ರವರೆಗೆ ಇಂಥವು ಹನ್ನೆರಡು ಸಾವಿರದ ಚಿಲ್ಲರೆ ತಯಾರಾದವು. ಆಮೇಲೆ ಕಂಪನಿ ಕೈತೊಳೆದುಕೊಂಡಿತು. ಅಂದಿನಿಂದ ಇವನ್ನು ಸಾಕುತ್ತಿರುವವರು ಇವುಗಳ ಮಾಲೀಕರು ಮತ್ತು ಊರೂರಿನಲ್ಲಿರುವ ನಾಲ್ಕಾರು ಹಟವಾದಿ ಮೆಕ್ಯಾನಿಕ್‌ಗಳು.

ಅಂಥ ಒಬ್ಬ ಹಟವಾದಿಯ ಗ್ಯಾರೇಜಿಗೆ ಹೋದೆವು. ಡೆಟ್ರಾಯಿಟ್‌ನಿಂದ ಉತ್ತರಕ್ಕೆ, ಹೆದ್ದಾರಿ ಬಿಟ್ಟು ಜೋಳದ ಹೊಲಗಳ ನಡುವೆ, ಮೊದಲು ದನದ ಕೊಟ್ಟಿಗೆಯಾಗಿದ್ದ ಕಟ್ಟಡ. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನಮ್ಮ ಗಾಡಿ ಎಡಗಡೆಗೆ ವಾಲಿಕೊಂಡೇ ಅಂಗಳಕ್ಕೆ ಬಂದದ್ದನ್ನು ನೋಡಿ, ಕಾಯಿಲೆ ಏನೆಂದು ಕೇಳದೆ ಜಾಕ್ ತರಲು ಹೋದ.

ಕಾಯಿಲೆ ಹಿಂಬದಿಯ ಏರ್ ಬೆಲ್ಲೋದ್ದು. ಈ ಗಾಡಿಯ ಹಿಂದೆ ಒಂದೊಂದು ಬದಿಗೆ ಎರಡೆರಡು ಚಕ್ರ, ಒಂದರ ಹಿಂದೆ ಒಂದು. ಪ್ರತಿ ಚಕ್ರಕ್ಕೂ ಒಂದು ಕಬ್ಬಿಣದ ತೋಳು. ಎರಡು ತೋಳುಗಳ ನಡುವೆ ಅಡ್ಡಡ್ಡವಾಗಿ ಒಂದು ರಬ್ಬರಿನ ಬೆಲ್ಲೋ, ಅದರೊಳಗೆ ಟೈರಿನಲ್ಲಿರುವುದಕ್ಕಿಂತ ಹೆಚ್ಚು ಒತ್ತಡದ ಗಾಳಿ. ಮುಂದಿನ ಚಕ್ರ ಗುಂಡಿಯ ಅಂಚಿಗೆ ಬಡಿದು ಮೇಲೆದ್ದರೆ ಅದರ ತೋಳು ಬೆಲ್ಲೋವನ್ನು ಅಮುಕುತ್ತದೆ. ಬೆಲ್ಲೋ ಆ ಒತ್ತನ್ನು ಹಿಂದಿನ ಚಕ್ರದ ತೋಳಿಗೆ ದಾಟಿಸಿ ಅದನ್ನು ನೆಲಕ್ಕೆ ಒತ್ತುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕೂತ ಇಬ್ಬರು ಮುದುಕರ ಹಾಗೆ: ಒಬ್ಬರು ಅಲ್ಲಾಡಿದರೆ ಇನ್ನೊಬ್ಬರಿಗೂ ಗೊತ್ತಾಗುತ್ತದೆ, ಒಬ್ಬರು ಎದ್ದರೆ ಇಬ್ಬರೂ ಕೆಡೆಯುತ್ತಾರೆ. ರಬ್ಬರು ಒಡೆದರೆ ಆ ಬದಿಯ ಎರಡೂ ಚಕ್ರಗಳಿಗೆ ಆಸರೆ ತಪ್ಪಿ ಗಾಡಿ ಕುಂಡೆ ಊರಿ ಕೂರುತ್ತದೆ. ನಮ್ಮದು ಇನ್ನೂ ಒಡೆದಿರಲಿಲ್ಲ. ಆದರೆ ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ರಬ್ಬರು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟಿತ್ತು. ಬೆಳಗಾಗುವಷ್ಟರಲ್ಲಿ ಎಡಗಡೆ ಇಳಿದಿರುತ್ತಿತ್ತು. ಕಂಪ್ರೆಸರ್ ಗೊಣಗಿ ಗೊಣಗಿ ಗಾಡಿಯನ್ನು ಎತ್ತಿದ ಮೇಲೆಯೇ ಹೊರಡಬೇಕಿತ್ತು.

ಹಳೆಯ ನಮೂನೆಯ ಹೊಸ ಬೆಲ್ಲೋ ಹಾಕಿದರೆ ಕೆಲಸ ಮುಗಿಯಿತಲ್ಲ ಎಂದೆ. ಭಾವನಿಗೆ ಅದು ಬೇಡ. ಗಾಡಿಯ ಕುಲುಕಾಟಕ್ಕೆ ಅಕ್ಕನಿಗೆ ಬೆನ್ನುನೋವು, ಗಾಡಿ ಅಲುಗಬಾರದು. ಒಂದು ಬದಿಗೆ ಒಂದರ ಬದಲು ಎರಡು, ಒಟ್ಟು ನಾಲ್ಕು ಬೆಲ್ಲೋ ಹಾಕಿಸಬೇಕು. ಎರಡು ತೋಳುಗಳ ಮಧ್ಯೆ ಚಾಸಿಗೆ ಒಂದು ದಪ್ಪ ಬ್ರ್ಯಾಕೆಟ್ ಬಿಗಿದು, ಅದರ ಆಚೆಗೊಂದು ಈಚೆಗೊಂದು ಬೆಲ್ಲೋ ಕೂರಿಸುವುದು. ಆಗ ಒಂದೊಂದು ಚಕ್ರಕ್ಕೂ ಅದರದೇ ಗಾಳಿ, ಅದರದೇ ಗೋಡೆ. ಒಂದು ಒಡೆದರೂ ಪಕ್ಕದ್ದು ಭಾರ ಹೊತ್ತು ಮನೆ ಮುಟ್ಟಿಸುತ್ತದೆ.

ಗ್ಯಾರೇಜಿನ ಮುದುಕ ಒಪ್ಪಲಿಲ್ಲ. ಕೆಲಸ ಮಾಡಿಕೊಡುತ್ತೇನೆ, ಆದರೆ ಕೇಳಿಸಿಕೊಳ್ಳಿ ಎಂದ. ಹಳೆಯದರಲ್ಲಿ ಎರಡು ತೋಳುಗಳ ತಳ್ಳಾಟ ಅವುಗಳ ನಡುವೆಯೇ ತೀರಿಹೋಗುತ್ತಿತ್ತು, ಚಾಸಿಗೆ ಅದರ ಗೊಡವೆಯೇ ಇರಲಿಲ್ಲ. ಈಗ ಒಂದು ಚಕ್ರಕ್ಕೆ ಏಟು ಬಿದ್ದರೆ ಆ ನೂಕು ನೇರವಾಗಿ ಬ್ರ್ಯಾಕೆಟ್ಟಿಗೆ, ಅಲ್ಲಿಂದ ಚಾಸಿಗೆ. ಚಾಸಿಗೂ ವಯಸ್ಸಾಗಿದೆ. ಭಾವ ಕಾಗದದ ಮೇಲೆ ಬಾಣ ಬರೆದು ವಾದಿಸಿದರು. ಅವನೂ ಅದೇ ಕಾಗದದ ಮೇಲೆ ತನ್ನ ಬಾಣಗಳನ್ನು ಬರೆದ. ಇಬ್ಬರೂ ಸುಖವಾಗಿದ್ದರು. ನನಗೆ ಮುದುಕನ ಮಾತೇ ಸರಿ ಎನಿಸಿತು, ಈಗಲೂ ಎನಿಸುತ್ತದೆ. ಯಾರೋ ಎಪ್ಪತ್ತರ ದಶಕದಲ್ಲಿ ಕೂತು ಯೋಚಿಸಿ ಎರಡು ಚಕ್ರಗಳಿಗೆ ಒಂದೇ ಉಸಿರು ಇಟ್ಟಿದ್ದರಲ್ಲ, ಅದರಲ್ಲೊಂದು ಚೆಲುವಿತ್ತು. ಆದರೆ ಗಾಡಿ ನನ್ನದಲ್ಲ.

ಕೆಲಸ ನಡೆಯುವಾಗ ನಾನೂ ಕೆಳಗೆ ತೂರಿಕೊಂಡೆ. ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಾಳಿ ಬಿಟ್ಟು, ಹಳೆಯ ಬೆಲ್ಲೋವನ್ನು ಎಳೆದು ತೆಗೆದಾಗ ಅದರ ಮಡಿಕೆಗಳಿಂದ ವರ್ಷಗಟ್ಟಲೆಯ ರಸ್ತೆಯ ಉಪ್ಪು ಮಿಶ್ರಿತ ಮಣ್ಣು ಉದುರಿತು. ಚಳಿಗಾಲದ ಮಂಜು ಕರಗಿಸಲು ಆ ರಾಜ್ಯದ ರಸ್ತೆಗಳಿಗೆಲ್ಲ ಉಪ್ಪು ಸುರಿಯುತ್ತಾರೆ. ನೀರು ಬಿರುಕಿಗಿಳಿದು ಹೆಪ್ಪುಗಟ್ಟಿ ಉಬ್ಬಿ ರಸ್ತೆಯನ್ನು ಒಡೆಯುತ್ತದೆ. ನಮ್ಮಲ್ಲಿ ಗುಂಡಿ ಬೀಳಿಸುವುದು ಮಳೆಗಾಲ, ಅಲ್ಲಿ ಚಳಿಗಾಲ. ಗುತ್ತಿಗೆದಾರರನ್ನು ಬೈಯುವ ಮಾತುಗಳು ಮಾತ್ರ ಎರಡೂ ಕಡೆ ಒಂದೇ.

ಹೊಸ ಕೊಳವೆಗಳನ್ನೆಲ್ಲ ಜೋಡಿಸಿ ಗಾಳಿ ತುಂಬಿದ ಮೇಲೆ ಮುದುಕ ಸೋಪಿನ ನೀರನ್ನು ಪ್ರತಿ ಜಾಯಿಂಟಿಗೂ ಬಳಿದು ಗುಳ್ಳೆ ಬರುತ್ತದೆಯೇ ಎಂದು ಕಣ್ಣಿಟ್ಟು ಕಾದ. ಆಮೇಲೆ ಚಾಸಿಯಲ್ಲಿರುವ ಒಂದು ಕಂಡಿಯಿಂದ ನೆಲಕ್ಕೆ ಟೇಪು ಹಿಡಿದ. 12 ಇಂಚಿಗೆ ಒಂದಿಷ್ಟು ಕಡಿಮೆ ಬರಬೇಕು, ಬಂತು. ಗಾಡಿ ಮಟ್ಟಸವಾಗಿ ನಿಂತಿತ್ತು.

ಇಷ್ಟೂ ಹೊತ್ತು ಅಕ್ಕ ಕೊಟ್ಟಿಗೆಯ ಹೊರಗೆ ಮರದ ಕೆಳಗೆ ಕೂತು ಹಳೆಯ ಕಾಟನ್ ಸೀರೆಯೊಂದನ್ನು ಹರಿದು ಚೌಕ ಚೌಕವಾಗಿ ಮಡಿಸುತ್ತಿದ್ದಳು. ಗಾಡಿಯ ಅಡಿಗೆಮೂಲೆಯ ಕಪಾಟಿನಲ್ಲಿ ಅವಳು ತಟ್ಟೆಗೂ ತಟ್ಟೆಗೂ ನಡುವೆ ಬಟ್ಟೆ ಇಡುತ್ತಾಳೆ. ಲೋಟಗಳಿಗೆ ಒಂದೊಂದಕ್ಕೂ ಕಾಲುಚೀಲ. ಮಸಾಲೆ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್.

"ಸ್ಟೀಲ್ ತಟ್ಟೆ ಒಡೆದು ಹೋಗುತ್ತೇನೇ?" ಅಂತ ಭಾವ ನಕ್ಕರು. ಆ ನಗೆ ಹೊಸದಲ್ಲ ಅಂತ ಅಕ್ಕನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಿಮ್ಮ ಕೆಲಸ ನೀವು ನೋಡ್ಕೊಳ್ರೀ," ಅಂದಳು ಅವಳು.

ಮರುದಿನ ಮ್ಯಾಕಿನಾ ಸೇತುವೆ. 1957ರಲ್ಲಿ ತೆರೆದದ್ದು, ಈ ಕೊನೆಯಿಂದ ಆ ಕೊನೆಗೆ 8 ಕಿಲೋಮೀಟರ್. ಎಡಕ್ಕೆ ಮಿಷಿಗನ್ ಸರೋವರ, ಬಲಕ್ಕೆ ಹ್ಯೂರನ್. ಒಳಸಾಲುಗಳಲ್ಲಿ ಡಾಂಬರಿನ ಬದಲು ಉಕ್ಕಿನ ಜಾಲರಿ. ಹೊರಸಾಲಿನಲ್ಲಿ ದುರಸ್ತಿ ನಡೆದಿದ್ದರಿಂದ ನಮ್ಮನ್ನು ಜಾಲರಿಗೆ ತಿರುಗಿಸಿದರು. ಕೆಳಗೆ ನೋಡಿದರೆ ಕಣ್ಣಿಗೆ ನೀರು, ಕಿವಿಗೆ ಇಡೀ ಗಾಡಿ ತಂಬೂರಿ ಮೀಟಿದ ಹಾಗೆ ಝೇಂಕಾರ. ಭಾವ ಸ್ಟಿಯರಿಂಗ್ ಹಿಡಿದೇ ಹಿಂದಕ್ಕೆ ಕಿವಿ ಕೊಟ್ಟಿದ್ದರು. ಹಿಂಬದಿ ಒಂದು ಚೂರೂ ಕುಣಿಯಲಿಲ್ಲ. ಬೆಂಗಳೂರು ಬಸ್ ನಿಲ್ದಾಣದಲ್ಲಿ ಐರಾವತ ಬಂದು ನಿಂತು ಉಸ್ಸೆಂದು ಗಾಳಿ ಬಿಟ್ಟಾಗ ನಮ್ಮವರು ಮೊದಮೊದಲು ಬೆರಗಾಗಿ ನಿಂತು ನೋಡುತ್ತಿದ್ದುದು ನೆನಪಾಯಿತು. ಅದಕ್ಕೂ ಮುಂಚೆ ನಮಗೆ ಗೊತ್ತಿದ್ದುದು ಕೆಂಪು ಬಸ್ಸಿನ ಪ್ಲೇಟುಗಳು. ಪ್ಲೇಟ್ ಕಟ್ಟಾದರೆ ದಾರಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವುದು.

ಸೇತುವೆ ದಾಟಿದರೆ ಬೇರೆಯೇ ನಾಡು. ಅದೇ ರಾಜ್ಯ, ಆದರೆ ಜನ ತೆಳ್ಳಗೆ ಹರಡಿಕೊಂಡಿದ್ದಾರೆ. ಕಾಡು ರಸ್ತೆಯವರೆಗೆ ಬಂದು ನಿಂತಿದೆ. ಪ್ರತಿ ಹತ್ತು ಮೈಲಿಗೊಂದು ಬೋರ್ಡು: ಪ್ಯಾಸ್ಟಿ. ಒಂದು ಕಡೆ ನಿಲ್ಲಿಸಿದೆವು. ಅಂಗೈ ಅಗಲದ, ಅಂಚು ಮಡಿಸಿ ತಿರುಚಿದ ದಪ್ಪ ಕಡುಬು. ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಎಂಬ ಗೆಡ್ಡೆ. ಅಕ್ಕನಂಥವರಿಗಾಗಿ ಬರೀ ತರಕಾರಿಯದ್ದೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತಾಮ್ರದ ಗಣಿಗಳಿಗೆ ಬಂದವರು ಇದನ್ನು ತಂದರು, ಅವರ ಹಿಂದೆ ಬಂದ ಫಿನ್‌ಲೆಂಡಿನವರು ತಮ್ಮದೇ ಎನ್ನುವಷ್ಟು ಒಗ್ಗಿಸಿಕೊಂಡರು. ಇದಕ್ಕೆ ಕೆಚಪ್ಪೋ ಗ್ರೇವಿಯೋ ಎಂಬುದು ಅಲ್ಲಿ ಮನೆ ಮನೆ ಒಡೆಯುವ ಪ್ರಶ್ನೆ. ಅಕ್ಕ ಕೈಚೀಲದಿಂದ ಮಾವಿನಕಾಯಿ ಉಪ್ಪಿನಕಾಯಿ ತೆಗೆದಳು.

ಅಂಗಡಿಯ ಹೆಂಗಸು ನೀವು ಎಲ್ಲಿಯವರು ಎಂದಳು. ನಮ್ಮೂರಿಗೂ ನಿಮ್ಮ ಕಾರ್ನ್‌ವಾಲ್‌ನವರು ಬಂದಿದ್ದರು ಎಂದೆ. ಅವಳು ನಂಬಲಿಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಕಂಪನಿ, ಅವರು ಗಣಿ ಕೆಲಸ ಬಲ್ಲ ಕಾರ್ನ್‌ವಾಲ್ ಜನರನ್ನು ಕರೆತಂದಿದ್ದರು, 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು ಎಂದೆಲ್ಲ ಹೇಳಿದೆ. ನಮ್ಮ ತಂದೆ ಆಮೇಲೆ ಅಲ್ಲಿ ಗುಮಾಸ್ತರಾಗಿದ್ದವರು. ಚಾಂಪಿಯನ್ ರೀಫ್ಸ್ ಹತ್ತಿರ ಮನೆ. ನನಗೆ ನೆನಪು ಕಟ್ಟುವ ವಯಸ್ಸಿಗೆ ಮೊದಲೇ ತಂದೆ ಅದನ್ನು ಬಿಟ್ಟು ಕೋಲಾರಕ್ಕೆ ಬಂದುಬಿಟ್ಟಿದ್ದರು. ನನ್ನ ಪಾಲಿಗೆ ಕೆಜಿಎಫ್ ಎಂದರೆ ಸೈನೈಡ್ ದಿಬ್ಬಗಳು, ಅಷ್ಟೇ. ಅಕ್ಕ ನನಗಿಂತ ಹತ್ತು ವರ್ಷಕ್ಕೂ ದೊಡ್ಡವಳು, ಅಲ್ಲಿಯೇ ಶಾಲೆಗೆ ಹೋದವಳು. ಆ ಮಾತೆಲ್ಲ ನಡೆಯುವಾಗ ಅವಳು ಸುಮ್ಮನೆ ತಿನ್ನುತ್ತಿದ್ದಳು.

ಸೀನಿ ಎಂಬ ಊರಿನಿಂದ ಪಶ್ಚಿಮಕ್ಕೆ ರಸ್ತೆ 40 ಕಿಲೋಮೀಟರ್ ಒಂದೇ ಗೆರೆ. ಎರಡೂ ಕಡೆ ಜೌಗು, ಕುರುಚಲು ಮರ. ಇದರ ಬಗ್ಗೆ ಹೇಳಲು ಇಷ್ಟೇ ಇರುವುದು. ಆ ದಾರಿ ಮುಗಿಯುವ ಹೊತ್ತಿಗೆ ಅಕ್ಕ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಭಾವ ಕನ್ನಡಿಯಲ್ಲಿ ನೋಡಿ, "ಈ ಗಾಡೀಲಿ ಇವಳು ನಿದ್ದೆ ಮಾಡಿದ್ದು ನಾನು ನೋಡಿಯೇ ಇಲ್ಲ ಕಣಯ್ಯ," ಎಂದರು. ಬೆನ್ನುನೋವು ಕಡಿಮೆಯಾಗಿರಬೇಕು ಎಂದೆ. ಇಷ್ಟು ದುಡ್ಡು ಸುರಿದದ್ದೇ ಅದಕ್ಕಲ್ಲವೇ ಎಂದರು.

ಸಂಜೆ ಮ್ಯುನಿಸಿಂಗ್ ಹತ್ತಿರ ಸುಪೀರಿಯರ್ ಸರೋವರದ ದಂಡೆಯಲ್ಲಿ ತಂಗಿದೆವು. ಜಾಗ ಓರೆಯಾಗಿತ್ತು. ಭಾವ ಸ್ವಿಚ್ ಒತ್ತಿ ಬಲಗಡೆಯ ಬೆಲ್ಲೋಗಳಿಂದ ಒಂದಿಷ್ಟು ಗಾಳಿ ಬಿಟ್ಟು ಎಡಗಡೆ ತುಂಬಿಸಿದರು. ಮನೆಯೇ ಮೆಲ್ಲಗೆ ಹೊರಳಿ ಮಟ್ಟವಾಯಿತು. ಅಕ್ಕ ಫ್ರೀಜರಿನಿಂದ ಹಿತಕಿದ ಅವರೆಬೇಳೆ ತೆಗೆದು ಸಾರು ಮಾಡಿದಳು, ರಾಗಿಮುದ್ದೆ ಕಟ್ಟಿದಳು. ಎದುರಿಗೆ 82,000 ಚದರ ಕಿಲೋಮೀಟರಿನ ನೀರು, ಕರ್ನಾಟಕವನ್ನು ಐದು ಪಾಲು ಮಾಡಿ ಎರಡು ಪಾಲು ಮುಳುಗಿಸಿದರೂ ಮಿಗುವಷ್ಟು. ಅಲೆ ಸಮುದ್ರದ್ದು, ವಾಸನೆ ಕೆರೆಯದ್ದು. ಕಣ್ಣು ಒಂದು ಹೇಳಿದರೆ ಮೂಗು ಇನ್ನೊಂದು ಹೇಳುತ್ತಿತ್ತು. ಕತ್ತಲಾಗುವುದು ರಾತ್ರಿ ಹತ್ತಕ್ಕೆ. ಅಷ್ಟು ಹೊತ್ತು ಬೆಳಕಿದ್ದರೆ ಮುದ್ದೆ ಉಂಡವನಿಗೆ ಏನು ಮಾಡಬೇಕೆಂದು ತೋಚುವುದಿಲ್ಲ.

ಅಲ್ಲಿಂದ ಹ್ಯಾಂಕಾಕ್‌ಗೆ. ಆ ಊರಿನ ಬೀದಿಗಳ ಹೆಸರು ಇಂಗ್ಲಿಷಿನ ಜೊತೆಗೆ ಫಿನ್ನಿಷಿನಲ್ಲೂ ಇದೆ. ಊರ ಮೇಲಿನ ಗುಡ್ಡದಲ್ಲಿ ಕ್ವಿನ್ಸಿ ತಾಮ್ರದ ಗಣಿ. 1945ರಲ್ಲಿ ಮುಚ್ಚಿದ್ದು, ಈಗ ಮ್ಯೂಸಿಯಂ. 1920ರಲ್ಲಿ ಸ್ಥಾಪಿಸಿದ ಉಗಿಯಂತ್ರ ಇನ್ನೂ ನಿಂತಿದೆ. ಅಂಥ ಯಂತ್ರಗಳಲ್ಲಿ ಪ್ರಪಂಚಕ್ಕೇ ದೊಡ್ಡದಂತೆ. ಓರೆಯಾಗಿ 9,000 ಅಡಿಗೂ ಮೀರಿ ಇಳಿದ ಬಾವಿಯಿಂದ ಅದು ಅದಿರು ಎಳೆಯುತ್ತಿತ್ತು. ಭಾವ ಆ ಯಂತ್ರದ ಮುಂದೆ ದೇವಸ್ಥಾನದಲ್ಲಿ ನಿಲ್ಲುವಂತೆ ನಿಂತರು. ನನಗೆ ಹೊಟ್ಟೆ ಉರಿಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ನಮ್ಮ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಉಳಿದದ್ದು ತುಕ್ಕು, ನೀರು ತುಂಬಿದ ಬಾವಿಗಳು, ಗಾಳಿ ಬೀಸಿದರೆ ಮನೆಯೊಳಗೆ ಬರುವ ದಿಬ್ಬದ ಧೂಳು. ಬಿಟ್ಟುಹೋದದ್ದನ್ನು ಸಾಕುವ ಬುದ್ಧಿ ಈ ಜನಕ್ಕಿದೆ, ಮೋಟರ್‌ಹೋಮ್ ಆಗಲಿ ಗಣಿಯಾಗಲಿ.

ಸುರಂಗದೊಳಗೆ ಬೇಸಿಗೆಯಲ್ಲೂ ಕೊರೆಯುವ ಚಳಿ. ಗೈಡ್ ಹುಡುಗಿ ಕಾಲೇಜಿನಲ್ಲಿ ಓದುವವಳು. ಬಂಡೆಯ ಛಾವಣಿಗೆ ಆಸರೆಯಾಗಿ ಬಿಟ್ಟ ಕಂಬಗಳ ಮೇಲೆ ಭಾರ ಹೆಚ್ಚಿದಂತೆ ಅವು ಸಿಡಿಯುತ್ತಿದ್ದವು, ಇಪ್ಪತ್ತನೆಯ ಶತಮಾನದ ಮೊದಮೊದಲಲ್ಲಿ ಹಾಗೆ ಆದಾಗಲೆಲ್ಲ ಮೇಲಿನ ಊರಿನ ಮನೆಗಳು ನಡುಗುತ್ತಿದ್ದವು ಎಂದು ವಿವರಿಸಿದಳು.

"ಪಾತ್ರೆ," ಎಂದಳು ಅಕ್ಕ ಕನ್ನಡದಲ್ಲಿ, ಯಾರಿಗೂ ಅಲ್ಲ.

ಹೊರಗೆ ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ಹೇಳಿದಳು. ಕೆಜಿಎಫ್‌ನಲ್ಲಿ ಅಡಿಗೆಮನೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಅಮ್ಮ ಹಿತ್ತಾಳೆ ಪಾತ್ರೆ, ಲೋಟ ಸಾಲಾಗಿ ಜೋಡಿಸುತ್ತಿದ್ದರಂತೆ. ಕೆಳಗೆ ಎಲ್ಲೋ ಬಂಡೆ ಸಿಡಿದರೆ ಮೊದಲು ಸುದ್ದಿ ಹೇಳುತ್ತಿದ್ದುದು ಅವು. ಗಣಗಣ ಅಂತ ಒಂದೇ ಸಲ. ಆಮೇಲೆ ಸಾಲುಮನೆಗಳ ಹೆಂಗಸರೆಲ್ಲ ಇದ್ದ ಸೀರೆಯಲ್ಲೇ ಬಾವಿಯ ಬಾಯಿಗೆ ಓಡುವುದು. ನಮ್ಮ ತಂದೆಯ ಕೆಲಸ ಮೇಲೆ, ಕಚೇರಿಯಲ್ಲಿ. ಆದರೆ ಪಕ್ಕದ ಮನೆಯ ಅಣ್ಣ, ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು, ಒಂದು ಸಲ ಮೇಲೆ ಬರಲಿಲ್ಲ.

"ಹೆಸರು ಹೇಳಬೇಡ ಅಂತ ಅಮ್ಮ ಅಂದಿದ್ದರು. ಅಭ್ಯಾಸವಾಗಿ ಹೋಯ್ತು," ಎಂದಳು.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೆ ಹೇಳಬಾರದಿತ್ತೇನೇ?" ಅಂದರು.

"ನೀವು ಬೆನ್ನು ನೋವಾ ಅಂತ ಕೇಳಿದಿರಿ. ಹೂಂ ಅಂದೆ. ಅದೂ ಇತ್ತಲ್ಲ."

ಊರಿಗೆ ಬಂದ ಮೇಲೆ ನನ್ನನ್ನು ಕಾಡುತ್ತಿರುವುದು ಈ ಉತ್ತರ. ಭಾವ ತೋಳುಗಳ ಕೋನ ಅಳೆದರು, ಗಾಳಿಯ ಒತ್ತಡ ಅಳೆದರು, ನೆಲದಿಂದ ಚಾಸಿಯ ಎತ್ತರ ಅಳೆದರು. ಎಲ್ಲ ಸರಿಯಾಗಿಯೇ ಅಳೆದರು. ಗಾಡಿ ಅಲುಗದ ಹಾಗೆ ಮಾಡಬೇಕೆಂದು ಹೊರಟು, ಅಲುಗದ ಹಾಗೆ ಮಾಡಿಯೂ ಬಿಟ್ಟರು. ಯಾರಿಗೆ, ಯಾಕೆ ಅದು ಬೇಕಿತ್ತೆಂಬುದು ಮಾತ್ರ ರಿಪೇರಿ ಮುಗಿದ ಮೇಲೆ, ಮನೆಯಿಂದ ಅಷ್ಟು ದೂರದ ಒಂದು ಗುಡ್ಡದ ಮೇಲೆ ತಿಳಿಯಿತು. ಇಂಥ ದಾಂಪತ್ಯಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾರಣ ತಪ್ಪಾಗಿದ್ದರೂ ಕೆಲಸ ಸರಿಯಾಗಿರುತ್ತದೆ.

ಮುಂದಿನ ದಾರಿ ಕಾಪರ್ ಹಾರ್ಬರ್‌ಗೆ. ರಸ್ತೆ ಬದಿಯಲ್ಲಿ ಹಿಮ ಅಳೆಯುವ ಒಂದು ಮುಗಿಲೆತ್ತರದ ಹಲಗೆ: 1978–79ರ ಚಳಿಗಾಲದಲ್ಲಿ ಬಿದ್ದದ್ದು 390.4 ಇಂಚು. 32 ಅಡಿಗೂ ಮೀರಿ. ಕೆಳಗೆ ನಿಂತು ಕತ್ತೆತ್ತಿ ನೋಡಿ ಮೂವರೂ ನಕ್ಕುಬಿಟ್ಟೆವು, ಬೇರೇನೂ ಮಾಡಲು ಆಗುವಂತಿರಲಿಲ್ಲ.

ಅದಾದ ಮೇಲೆ ಮರಗಳು ಎರಡೂ ಕಡೆಯಿಂದ ಬಾಗಿ ಚಪ್ಪರ ಹಾಕಿದ ದಾರಿ. ತಿರುವು, ಏರು, ಇಳುಕಲು, ಬೇರುಗಳು ಎಬ್ಬಿಸಿದ ಡಾಂಬರು. ಗಾಡಿಯ ನಿಜವಾದ ಪರೀಕ್ಷೆ ಇಲ್ಲೇ. ಆ ದಾರಿ ಶುರುವಾಗುವ ಮುಂಚೆ ಅಕ್ಕ ಎದ್ದು ಕಪಾಟು ತೆಗೆದಳು. ತಟ್ಟೆಗಳ ನಡುವಿನ ಬಟ್ಟೆಗಳನ್ನು ಒಂದೊಂದಾಗಿ ಎಳೆದಳು. ಲೋಟಗಳ ಕಾಲುಚೀಲ ಬಿಚ್ಚಿದಳು.

"ಏನು ಮಾಡ್ತಿದ್ದೀ?" ಎಂದರು ಭಾವ ಕನ್ನಡಿಯಲ್ಲಿ ನೋಡುತ್ತ.

"ನೋಡೋಣ ನಿಮ್ಮ ನಾಲ್ಕು ಬೆಲ್ಲೋದ ಕೈಚಳಕ. ಓಡಿಸಿ."

ಭಾವ ಅಷ್ಟು ನಿಧಾನವಾಗಿ ಓಡಿಸಿದ್ದನ್ನು ನಾನು ಕಂಡಿಲ್ಲ. ಹಿಂದಿನ ಕಾರಿನವನು ಹಾರ್ನ್ ಮಾಡಲಿಲ್ಲ, ಆ ಕಡೆ ಮಾಡುವುದಿಲ್ಲ. ಆದರೆ ಅವನ ಅಸಹನೆ ನಮ್ಮ ಬೆನ್ನಿಗೆ ತಾಗುತ್ತಿತ್ತು. ಪಾತ್ರೆಗಳು ಪೂರ್ತಿ ಸುಮ್ಮನಿದ್ದವು ಎಂದರೆ ಸುಳ್ಳಾಗುತ್ತದೆ. ತಿರುವಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿ ಎನ್ನುತ್ತಿದ್ದವು. ಅಕ್ಕ ಕಪಾಟಿನ ಬಾಗಿಲಿಗೆ ಕೈಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಒಂದು ಕಡೆ ಜೋರಾಗಿ ದಡಕ್ಕೆಂದಾಗ ಕಣ್ಣು ಬಿಟ್ಟಳು.

"ಇದು ಹಿಂದಿನದಲ್ಲ. ಮುಂದಿನ ಎಡಗಾಲು," ಎಂದಳು.

"ಹೇಗೆ ಗೊತ್ತು?"

"ಮೊದಲು ಮಸಾಲೆ ಡಬ್ಬಿ ಅಲುಗಿತು, ಆಮೇಲೆ ತಟ್ಟೆ. ಹಿಂದಿಂದ ಬಂದರೆ ತಟ್ಟೆ ಮೊದಲು."

ಕಾಪರ್ ಹಾರ್ಬರ್‌ನಲ್ಲಿ ಹೆದ್ದಾರಿ 41 ಶುರುವಾಗುವ ಜಾಗ ಇದೆ. ಅಲ್ಲಿಂದ ದಕ್ಷಿಣಕ್ಕೆ ಮಯಾಮಿಯವರೆಗೆ 1,990 ಮೈಲಿ ಎಂದು ಬೋರ್ಡು ಬರೆದಿದ್ದಾರೆ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಫೋಟೋದಲ್ಲಿ ಅಕ್ಕ ಮತ್ತು ನಾನು ಮಾತ್ರ ಇದ್ದೇವೆ. ಭಾವ ಗಾಡಿಯ ಮುಂದಿನ ಎಡಚಕ್ರದ ಹಿಂದೆ ತಲೆ ತೂರಿಸಿದ್ದರು. ಅಲ್ಲಿ ಬೆಲ್ಲೋ ಇಲ್ಲ, ತಿರುಚುವ ಉಕ್ಕಿನ ಸರಳು, ಹಳೆಯ ರಬ್ಬರ್ ಬುಷ್ಷುಗಳು. ಒಂದು ಬುಷ್ ಸವೆದು ಅರ್ಧ ಹೊರಗೆ ಬಂದಿತ್ತು.

ಮೊನ್ನೆ ಫೋನ್ ಮಾಡಿದ್ದರು. ಮುಂದಿನ ಬುಷ್ಷುಗಳೆಲ್ಲ ಬಂದಿವೆಯಂತೆ, ಮುದುಕನ ಗ್ಯಾರೇಜಿನಲ್ಲಿ ಸರದಿ ಸಿಕ್ಕಿದೆಯಂತೆ. ಅವನು ಈಗಲೂ ಹಿಂದಿನ ಬ್ರ್ಯಾಕೆಟ್ಟಿನ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ಬಿಗಿಮಾಡಿಸಿ ಎಂದು ಬೈಯುತ್ತಾನಂತೆ. ಗಾಡಿ ಕೊಟ್ಟು ಬರಲು ಅಕ್ಕನೂ ಹೋಗುತ್ತಾಳೋ ಎಂದೆ.

"ಅವಳು ಬರದೆ ಆಗುತ್ತೇನಯ್ಯ, ಟೆಸ್ಟ್ ಡ್ರೈವ್ ಯಾರು ಮಾಡೋದು," ಎಂದರು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: ಮೊದಲು ಆ ಸಿಂಕಿನ ನಲ್ಲಿ ಸೋರೋದು ನಿಲ್ಲಿಸೋಕೆ ಹೇಳು ನಿನ್ನ ಭಾವನಿಗೆ.